ಮೊದಲ ನೀರಿನ ಮೀಟರಣ್ಣ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಬೀದಿಯ ಕೊನೆಯ ಮನೆಯ ಅಡುಗೆಕೋಣೆಯಲ್ಲಿ, ನಲ್ಲಿಯ ಕೆಳಗೆ ಬಿಳಿಯ ಬಾಟಲಿಯೊಂದನ್ನು ಹಿಡಿದು ಮೀಟರಣ್ಣ ನಿಂತಿದ್ದಾರೆ. ಮನೆಯ ಯಜಮಾನರು ಬಾಯಲ್ಲಿ ಬ್ರಷ್ ಕಚ್ಚಿಕೊಂಡು, ಬಾಗಿಲಿಗೆ ಒರಗಿ, ಕಣ್ಣಲ್ಲೇ ಜಗಳ ತೆಗೆಯುತ್ತಿದ್ದಾರೆ.

“ಬೇಗ ಹಿಡೀರಿ ಮಹಾರಾಯ್ರೆ. ನಮ್ಮನೇಲಿ ನಾನು ಬಾಯಿ ಮುಕ್ಕಳಿಸೋಕೆ ನಿಮ್ಮ ಅಪ್ಪಣೆ ಆಗಬೇಕು!”

“ಅಪ್ಪಣೆ ನಂದಲ್ಲ ಸಾರ್, ಬಾಟಲೀದು. ಅದು ತುಂಬಲಿ, ಆಮೇಲೆ ಬೇಕಾದ್ರೆ ಸ್ನಾನಾನೇ ಮಾಡಿ.”

ಬಾಟಲಿ ಕುತ್ತಿಗೆಯವರೆಗೆ ತುಂಬುತ್ತದೆ. ಮುಚ್ಚಳದ ಒಳಮೈಗೆ ಬೆರಳು ತಾಗದಂತೆ ತಿರುಗಿಸಿ, ಚೀಟಿ ಅಂಟಿಸಿ, ಮನೆಯ ಸಂಖ್ಯೆ, ಗಂಟೆ, ನಿಮಿಷ ಬರೆಯುತ್ತಾರೆ. ಕೊನೆಗೆ ‘ಮೊದಲ ನೀರು’ ಎಂಬ ಚೌಕದಲ್ಲಿ ಒಂದು ಗೆರೆ. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತು, ಬೆಳಿಗ್ಗೆ ಯಾರೂ ಇನ್ನೂ ಮುಟ್ಟದ ನೀರು ಎಂದು ಅದರ ಅರ್ಥ. ಕೊಳವೆ ತನ್ನೊಳಗಿನ ಲೋಹವನ್ನು ನೀರಿಗೆ ಬಿಟ್ಟುಕೊಟ್ಟಿದ್ದರೆ ಅದು ತೋರುವುದು ಈ ನೀರಿನಲ್ಲೇ. ಹಾಗಾಗಿ ಒಂದು ಬೆಳಗಿಗೆ ಎರಡು ಮನೆಗಿಂತ ಹೆಚ್ಚು ಸಾಗದು. ತಿಂಗಳಿಗೆ ಇಪ್ಪತ್ತಮೂರು ಮನೆ.

ಆಸ್ಪತ್ರೆಯಲ್ಲಿ ವ್ಯಾಯಾಮ ಚಿಕಿತ್ಸೆಯ ಸಂಶೋಧನೆಯೊಂದು ನಡೆಯುತ್ತಿದೆ. ಕಾಲಿನ ಬಲ ಕುಂದಿದ ಹಿರಿಯರಿಗೆ ದಿನವೂ ಇಷ್ಟು ಸಲ ಕುರ್ಚಿಯಿಂದ ಏಳುವುದು, ಇಷ್ಟು ಮೆಟ್ಟಿಲು ಹತ್ತುವುದು ಎಂದು ಕಟ್ಟು ಮಾಡಿಕೊಟ್ಟಿದ್ದಾರೆ. ಅವರ ತಟ್ಟೆಯ ಊಟದಲ್ಲಿ, ಕುಡಿಯುವ ನೀರಿನಲ್ಲಿ ಕಬ್ಬಿಣ, ಸತು, ತಾಮ್ರ, ಸೀಸ ಎಷ್ಟೆಷ್ಟಿವೆ ಎಂಬುದನ್ನೂ ಅಳೆಯುತ್ತಾರೆ. ನಾಲಿಗೆಗೆ ತಿಳಿಯದ, ಕಣ್ಣಿಗೆ ಕಾಣದ ಅಳತೆ ಅದು. ದೇವರು ಮನುಷ್ಯನ ಮೈಯನ್ನು ಎಂಥ ಸಣ್ಣ ತಕ್ಕಡಿಯಲ್ಲಿ ತೂಗಿ ಇಟ್ಟಿದ್ದಾನೆಂದು ಅಲ್ಲಿ ಅರಿವಾಗುತ್ತದೆ.

ಬಾಟಲಿ ಒಪ್ಪಿಸಿದ ಮೇಲೆ ಮೀಟರಣ್ಣನಿಗೆ ಇನ್ನೊಂದು ಕೆಲಸ. ಆಸ್ಪತ್ರೆಯ ಮೊಗಸಾಲೆಯಲ್ಲಿ ಮೂವತ್ತು ಮೀಟರಿನ ಗೆರೆ ಎಳೆದಿದೆ. ಹಿರಿಯರು ಆರು ನಿಮಿಷ ಅದರ ಮೇಲೆ ಹೋಗಿ ಬಂದು ಮಾಡುತ್ತಾರೆ. ಹಗುರವಾದ ಕುರ್ಚಿಯೊಂದನ್ನು ಹಿಡಿದು ಇವರು ಒಂದು ಹೆಜ್ಜೆ ಹಿಂದೆ ನಡೆಯುತ್ತಾರೆ. ಮುಂದೆ ನಡೆದರೆ ನಡೆಯುವವರು ಇವರ ವೇಗಕ್ಕೆ ಬೀಳುತ್ತಾರೆ, ಲೆಕ್ಕ ಕೆಡುತ್ತದೆ. “ಬೀಳೋರಿಗೆ ಕುರ್ಚಿ, ನಡೆಯೋರಿಗೆ ನೆರಳು. ಮಾತು ಮಾತ್ರ ಆಡೋ ಹಾಗಿಲ್ಲ. ನನಗೆ ಅದೇ ಕಷ್ಟ,” ಎಂದು ನಗುತ್ತಾರೆ.

ಐವತ್ತೇಳು ವರ್ಷದ ಇವರು ಮೊದಲು ನೀರಿನ ಮೀಟರು ಓದುತ್ತಿದ್ದವರು. ಇಪ್ಪತ್ತಾರು ವರ್ಷ ಮನೆಮನೆಯ ಮೂಲೆಗೆ ಬಗ್ಗಿ ಅಂಕಿ ಬರೆದುಕೊಂಡರು. ಅಂಕಿಗಳು ತಾವೇ ಕಚೇರಿಗೆ ಹೋಗುವ ಹೊಸ ಮೀಟರು ಬಂದವು, ಇವರು ಮನೆಗೆ ಬಂದರು. ಹೆಸರು ಮಾತ್ರ ಬೀದಿಯಲ್ಲೇ ಉಳಿಯಿತು. ಅದೇ ವರ್ಷ ಹೆಂಡತಿ ತೀರಿಕೊಂಡರು. ಆಸ್ಪತ್ರೆಯ ಕೆಲಸ ಸಿಕ್ಕಿದ್ದು ಆಮೇಲೆ, ಅದೂ ಆರು ತಿಂಗಳಿಗೊಮ್ಮೆ ಮುಂದುವರಿಸುವ ಕರಾರಿನ ಮೇಲೆ.

ಹದಿನಾಲ್ಕನೆಯ ಮನೆಯ ಅಜ್ಜಿಯ ವಿಷಯ ಬಂದಾಗ ಮೀಟರಣ್ಣನ ನಗು ಕುಗ್ಗುತ್ತದೆ. ಎಪ್ಪತ್ತರ ಆ ಹೆಂಗಸು ಮೊದಲ ಪರೀಕ್ಷೆಯಲ್ಲಿ ಮುನ್ನೂರ ಹತ್ತು ಮೀಟರು ನಡೆದಿದ್ದರು. ನಾಲ್ಕು ತಿಂಗಳ ವ್ಯಾಯಾಮದ ಮೇಲೆ ಉಳಿದವರಲ್ಲಿ ಬಹುಪಾಲು ಜನ ಮೇಲೇರಿದರೆ ಇವರು ಇನ್ನೂರ ಅರವತ್ತೆಂಟಕ್ಕೆ ಇಳಿದರು. ಮುಖ ಬಿಳಿಚಿಕೊಂಡಿತ್ತು. ನೀರಿನಲ್ಲಿ, ಊಟದಲ್ಲಿ ಏನೂ ಕಾಣಲಿಲ್ಲ. ಅದೇ ನೀರು ಕುಡಿಯುವ ಮಗ, ಸೊಸೆ ಗಟ್ಟಿಯಾಗಿದ್ದರು. ಅಜ್ಜಿ ವ್ಯಾಯಾಮ ಮಾಡದೆ ‘ಮಾಡಿದೆ’ ಎಂದು ಬರೆಸುತ್ತಿದ್ದಾರೆ ಎಂದು ಎಲ್ಲರೂ ತೀರ್ಮಾನಿಸಿದರು. ಬರುವ ಸೋಮವಾರ ಸಂಶೋಧನೆಯಿಂದ ಅವರ ಹೆಸರು ತೆಗೆಯುವುದೆಂದು ಆಯಿತು.

“ಕುರ್ಚಿ ಮೇಲೆ ಕೂತಿದ್ದು ನೋಡಿದ್ದೀನಿ, ಎದ್ದಿದ್ದು ನೋಡಿಲ್ಲ,” ಎಂದು ಸೊಸೆ, ಮೀಟರಣ್ಣ ಆ ತಿಂಗಳ ಬಾಟಲಿ ಹಿಡಿಯಲು ಬಂದಿದ್ದ ಬೆಳಿಗ್ಗೆ, ಅವರೆದುರಿಗೇ ಚುಚ್ಚಿದರು.

“ನೀನು ಏಳೋ ಹೊತ್ತಿಗೆ ನಂದು ಒಂದು ಸುತ್ತು ಮುಗಿದಿರುತ್ತೆ ಕಣಮ್ಮ,” ಎಂದರು ಅಜ್ಜಿ. ಮಾತಿನಲ್ಲಿ ಕೋಪವಿರಲಿಲ್ಲ, ಬರೀ ಆಯಾಸವಿತ್ತು.

ಆ ಮಾತು ಇವರ ಕಿವಿಯಲ್ಲಿ ಉಳಿಯಿತು. ನಲ್ಲಿಯ ಮೂತಿಯನ್ನು ಬೆರಳಿಂದ ಮುಟ್ಟಿದರು. ಒದ್ದೆ.

“ಅಕ್ಕಾ, ಬೆಳಿಗ್ಗೆ ನಲ್ಲಿ ಬಿಟ್ಟಿದ್ರಾ?”

“ನಾನೆಲ್ಲಿ ಬಿಡ್ತೀನಿ ತಮ್ಮಾ? ಎದ್ದ ತಕ್ಷಣ ಎರಡು ಲೋಟ ಕುಡೀತೀನಿ, ನನ್ನ ಚಹಾಕ್ಕೆ ಒಂದು ಪಾತ್ರೆ ಹಿಡಿದಿಟ್ಕೋತೀನಿ. ನಾಲ್ಕೂವರೆಗೆ. ಅಷ್ಟೇ.”

“ದಿನಾನೂ?”

“ಚಹಾಕ್ಕೆ ಮದುವೆಯಾಗಿ ಬಂದಾಗಿಂದ, ಆ ಎರಡು ಲೋಟ ಈ ವ್ಯಾಯಾಮ ಶುರುವಾದ್ಮೇಲೆ.”

“ಮತ್ತೆ ನಂಗೆ ಹೇಳಲೇ ಇಲ್ವಲ್ಲ!”

“ನೀನು ಕೇಳಿದ್ದು ಸೊಸೇನ. ನಲ್ಲಿ ಮುಟ್ಟಿಲ್ಲ ಅಂದ್ಲು. ಅವಳು ಮುಟ್ಟಿರಲಿಲ್ಲ, ಸುಳ್ಳೇನಲ್ಲ.”

ಮೀಟರಣ್ಣ ಕೈಲಿದ್ದ ಚೀಟಿ ನೋಡಿದರು. ನಾಲ್ಕು ತಿಂಗಳು ತಾವು ಗೆರೆ ಎಳೆದ ‘ಮೊದಲ ನೀರು’ ಎರಡನೆಯದಾಗಿತ್ತು. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರನ್ನು ಅಜ್ಜಿಯೊಬ್ಬರೇ ಕುಡಿಯುತ್ತಿದ್ದರು. ಬಾಟಲಿಗೆ, ಮಗನಿಗೆ, ಸೊಸೆಗೆ ಬರುತ್ತಿದ್ದುದು ಆಮೇಲಿನ ತಿಳಿನೀರು. ಹೇಳಿದರೆ ಇಪ್ಪತ್ತಮೂರು ಮನೆಯ ಗೆರೆಗಳೂ ಸಂಶಯಕ್ಕೆ ಬೀಳುತ್ತವೆ. ಕರಾರು ಮುಗಿಯಲು ಮೂರು ವಾರ ಉಳಿದಿತ್ತು.

“ಒಂದು ಗಳಿಗೆ ಬಾಯಿಗೆ ಬೀಗ ಹಾಕ್ಕೊಳ್ಳೋಣ ಅನ್ನಿಸ್ತು, ಸುಳ್ಳು ಯಾಕೆ ಹೇಳಲಿ,” ಎನ್ನುತ್ತಾರೆ. “ಆದ್ರೆ ಆ ಹೆಂಗಸು ಸುಳ್ಳುಗಾರ್ತಿ ಅನ್ನಿಸ್ಕೊಂಡು ಮನೆಗೆ ಹೋಗಿ, ಮತ್ತೆ ಅದೇ ನೀರು ಕುಡೀಬೇಕಲ್ಲ.”

ಅಂದೇ ಸಂಶೋಧನೆ ನಡೆಸುವ ಡಾಕ್ಟರಮ್ಮನ ಮುಂದೆ ನಿಂತು, “ತಪ್ಪು ನಂದು, ಅಜ್ಜೀದಲ್ಲ,” ಎಂದರು. ಅವರು ಹದಿನಾಲ್ಕನೆಯ ಮನೆಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ, “ನಾಳೆ ಎಷ್ಟೊತ್ತಿಗೆ ಹೋಗ್ತೀರಿ?” ಎಂದು ಮಾತ್ರ ಕೇಳಿದರು.

ಮರುದಿನ ನಾಲ್ಕೂಕಾಲಿಗೆ ಇವರು ಬಾಗಿಲು ತಟ್ಟಿದಾಗ ಅಜ್ಜಿ, “ಕಳ್ಳರೂ ಈಗ ಮನೆಗೆ ಹೋಗಿ ಮಲಗಿರ್ತಾರೆ, ನೀನು ಬಂದ್ಯಲ್ಲೋ!” ಎಂದರಂತೆ. ಆ ಬಾಟಲಿಯಲ್ಲಿ ಸೀಸದ ಅಂಕಿ ಹತ್ತರೊಳಗಿರಬೇಕಾದದ್ದು ಎಪ್ಪತ್ತು ದಾಟಿತ್ತು. ಅಜ್ಜಿಯ ರಕ್ತವೂ ಅದನ್ನೇ ಹೇಳಿತು: ಸೀಸವೇ ರಕ್ತ ಕುಂದಿಸಿ ಬಲ ಇಳಿಸಿತ್ತು. ಗೋಡೆ ಒಡೆದಾಗ ನಲ್ಲಿಯ ಹಿಂದೆ ಹಳೆಯ ಕಾಲದ ಸೀಸದ ಕೊಳವೆಯ ತುಂಡೊಂದು ಸಿಕ್ಕಿತು, ನಾಲ್ಕು ತಿರುವಿನದು, ಒಂದೊಂದು ತಿರುವೂ ಮೊಳದುದ್ದ. ಮೀಟರಣ್ಣ ಇಪ್ಪತ್ತಮೂರು ಮನೆಗಳಿಗೂ ಹೊಸದಾಗಿ ಹೋದರು. ಇನ್ನೆರಡು ಕಡೆ ಅದೇ ಕಥೆ. ಕರಾರು ಮುಂದುವರಿಯಿತು.

ಕೊಳವೆ ಬದಲಾದ ಐದು ತಿಂಗಳ ಮೇಲೆ ಅಜ್ಜಿ ಮುನ್ನೂರ ನಲವತ್ತೆರಡು ಮೀಟರು ನಡೆದಿದ್ದಾರೆ. ಸೊಸೆ ಗೆರೆಯ ತುದಿಯಲ್ಲಿ ನಿಂತು ನೋಡಿದರು. “ಅತ್ತೇನ ಅನ್ನಬಾರದ್ದು ಅಂದೆ ಅಣ್ಣಾ,” ಎಂದು ಕಣ್ಣೊರೆಸಿಕೊಂಡರು. ಅಜ್ಜಿ ಏದುಸಿರಲ್ಲೇ, “ಅಂದ್ರೆ ಅಂದೆ ಬಿಡು. ನಾಳೆಯಿಂದ ನನ್ನ ಚಹಾ ನೀನು ಮಾಡು, ಸರಿಹೋಗುತ್ತೆ,” ಎಂದರು.

ಸಂಶೋಧನೆ ಈಗ ಇನ್ನೂ ನಲವತ್ತು ಮನೆಗೆ ಹರಡಿದೆ. ಪ್ರತಿ ಮನೆಯಲ್ಲೂ ತುಂಬಿಸುವ ಹಾಳೆಯಲ್ಲಿ ಓದಿದವರು ಬರೆದ ಮೂವತ್ತೆರಡು ಪ್ರಶ್ನೆಗಳಿವೆ. ಮೂವತ್ತಮೂರನೆಯದು ಮೀಟರಣ್ಣನದು: ‘ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು?’

“ಗಂಡಸರು ಥಟ್ಟನೆ ‘ನಾನೇ’ ಅಂತಾರೆ,” ಎನ್ನುತ್ತಾರೆ ಅವರು. “ನಾನು ಬರೆಯಲ್ಲ. ಸುಮ್ನೆ ಪೆನ್ನು ಹಿಡ್ಕೊಂಡು ಕೂತಿರ್ತೀನಿ. ಆಮೇಲೆ ನಿಧಾನಕ್ಕೆ ಒಳಗಡೆ ತಿರುಗಿ ನೋಡ್ತಾರೆ. ನನ್ನನ್ನ ಯಾರಾದ್ರೂ ಕೇಳಿದ್ರೆ ನಾನೂ ಹಂಗೇ ಅಂತಿದ್ದೆ. ಮೂವತ್ತೊಂದು ವರ್ಷ ಸಂಸಾರ ಮಾಡಿದೆ, ಅವಳು ಎಷ್ಟೊತ್ತಿಗೆ ಏಳ್ತಿದ್ಲು ಅಂತ ನಂಗೆ ಗೊತ್ತಿಲ್ಲ. ನಾನು ಎದ್ದಾಗ ಅವಳು ಎದ್ದೇ ಇರ್ತಿದ್ಲು.”

ನಿಮಗೇನಾದರೂ ಬೇಕೇ ಎಂದು ಕೇಳಿದರೆ ಆ ಹಾಳೆಯ ಕಡೆಗೇ ಬೆರಳು ತೋರಿಸುತ್ತಾರೆ.

“ಹಾಳೆ ಮುಂದಿನ ಸಲ ಅಚ್ಚಾಗುವಾಗ ಚಿಕ್ಕದು ಮಾಡ್ತಾರಂತೆ. ಬೇಕಾದ್ದು ತೆಗೀಲಿ. ಅದೊಂದು ಪ್ರಶ್ನೆ ಇರಲಿ.”