ಸೋದರಮಾವನ ಸೇಬಿನ ವಂಶಾವಳಿ

ನನ್ನ ಸೋದರಮಾವನನ್ನು ನಾನು ಏಕವಚನದಲ್ಲಿಯೇ ನೆನೆಯುತ್ತೇನೆ. ಅವನು ಬದುಕಿದ್ದಾಗ ಎದುರಿಗೆ ‘ರೀ’ ಹಚ್ಚಿ ಮಾತಾಡಿದ್ದೇ ಸಾಕು. ಆಳಂದ ತಾಲೂಕಿನ ಸರಸಂಬಾದಲ್ಲಿ ಅವನಿಗೆ ಕಣ್ಣು ಹಾಯುವಷ್ಟು ದೂರ ಎರೆಹೊಲವಿತ್ತು, ತಲಬಾಗಿಲ ತುಂಬ ಹಿತ್ತಾಳೆಯ ಮೊಳೆಗಳಿದ್ದವು, ತಲೆಯೊಳಗೆ ಮಾತ್ರ ಏನೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಕಿಣ್ಣಿ ಸುಲ್ತಾನದ ನಮ್ಮ ಮನೆಗೆ ಬೀಗ ಹಾಕಿ, ನನ್ನನ್ನು ಕರೆದುಕೊಂಡು ಅಣ್ಣನ ಆಶ್ರಯಕ್ಕೆ ಬಂದಿದ್ದಳು. ಹಾಗಾಗಿ ನನ್ನ ಊಟ, ನನ್ನ ಸೀರೆ, ನನ್ನ ಮದುವೆ ಎಲ್ಲಕ್ಕೂ ಅವನ ಬಾಯಿಂದಲೇ ಅಪ್ಪಣೆಯಾಗಬೇಕಿತ್ತು.

ಅವನಿಗೆ ಮನೆತನದ ಹುಚ್ಚು. ನಮ್ಮವರಲ್ಲಿ ಮದುವೆಗೆ ಮೊದಲು ಬೆಡಗು ಕೇಳುವುದು ರೂಢಿ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಅಷ್ಟು ಕೆಲಸಕ್ಕೆ ಇದ್ದ ಮಾತನ್ನು ನಮ್ಮ ಮಾವ ಜನರನ್ನು ತೂಗುವ ತಕ್ಕಡಿ ಮಾಡಿಕೊಂಡಿದ್ದ. ನೀರು ಕೇಳಲು ಬಂದ ದಾರಿಹೋಕನಿಗೂ ಮೊದಲು ಬೆಡಗು, ಆಮೇಲೆ ನೀರು. ಬೆಳಿಗ್ಗೆ ಹಣೆತುಂಬ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು, ಶರಣರಲ್ಲಿ ಮೇಲಿಲ್ಲ ಕೀಳಿಲ್ಲ ಎಂದು ಗಂಟಲು ತುಂಬಿ ಹೇಳುತ್ತಿದ್ದ. ಪೂಜೆ ಮುಗಿದು ಪಡಸಾಲೆಗೆ ಬಂದು ಕೂತನೆಂದರೆ ಯಾರ ಮುತ್ತಜ್ಜಿ ಯಾರ ಮನೆಯಿಂದ ಓಡಿಬಂದವಳು ಎಂಬುದೇ ಪುರಾಣ.

ಇಂಥವನು ಒಮ್ಮೆ ಹೈದರಾಬಾದಿಗೆ ಹೋಗಿ, ಯಾರೋ ದೊಡ್ಡವರ ಮನೆಯಲ್ಲಿ ಸೇಬು ತಿಂದು ಬಂದ. ಬಂದವನ ಬಾಯಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಕಡೆಗೆ ಪುಣೆಯ ಕಡೆಯ ಒಬ್ಬ ಸಸಿ ವ್ಯಾಪಾರಿಯಿಂದ ಸೇಬಿನ ಸಸಿ ತರಿಸಿದ. ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಕಡ್ಡಿಗಳು ಗುಲ್ಬರ್ಗದವರೆಗೆ ರೈಲಿನಲ್ಲಿ, ಅಲ್ಲಿಂದ ನಮ್ಮ ಚಕ್ಕಡಿಯಲ್ಲಿ ಬಂದವು. ಸುತ್ತಲ ದೇಶಕ್ಕೆ ಸ್ವಾತಂತ್ರ್ಯ ಬರುವ ವರ್ಷದ ಚಳಿಗಾಲ ಅದು. ನಮಗೆ ಇನ್ನೂ ನಿಜಾಮರ ರಾಜ್ಯವೇ. ವ್ಯಾಪಾರಿ ಒಂದೊಂದು ಸಸಿಯ ಹುಟ್ಟು ತಿಳಿಸಿದ್ದ: ಇದು ಕಾಶ್ಮೀರದ ಅಂಬ್ರಿ, ಇದು ಇಂಗ್ಲೆಂಡಿನದು, ಇದು ಅಮೆರಿಕದ ಕೆಂಪು. ಮಾವ ಅದನ್ನೆಲ್ಲ ಗಿಳಿಯಂತೆ ಬಾಯಿಪಾಠ ಮಾಡಿಕೊಂಡ.

ಸಸಿಗಳ ಬುಡದಲ್ಲಿ ಗಂಟಿನಂಥ ಒಂದು ಕೂಡು ಇತ್ತು. ಸಸಿಯ ಜೊತೆ ಬಂದ ಆಳು ವಿವರಿಸಿದ: ಸೇಬು ಬೀಜದಿಂದ ತಾಯಿಯಂತೆ ಬರುವುದಿಲ್ಲ, ಅದಕ್ಕೆ ಕಾಡುಸೇಬಿನ ಬೇರಿನ ಮೇಲೆ ಒಳ್ಳೆಯ ಜಾತಿಯ ಕಡ್ಡಿ ಕಸಿ ಮಾಡಿರುತ್ತಾರೆ, ಲೋಕದ ಸೇಬೆಲ್ಲ ಹೀಗೆಯೇ. ಮಾವನ ಮುಖ ಬೇವಿನೆಲೆ ಅಗಿದಂತಾಯಿತು.

“ಕೆಳಗ ಕಾಡುಗಿಡ ಅಂದ್ರ ಬೆರಕಿ ಆತಲ್ಲೋ! ನಾಳೆ ಬೀಗರು ಬಂದು ನೋಡಿದ್ರ ಏನಂತ ಹೇಳ್ಲಿ?”

ಆಳು ಎಷ್ಟು ಹೇಳಿದರೂ ಕೇಳಲಿಲ್ಲ. ಕುಣಿಯನ್ನು ಇನ್ನಷ್ಟು ಆಳ ತೋಡಿಸಿ, ಆ ಕೂಡು ಕಾಣದಂತೆ ಹೂಳಿಸಿ, ಮೇಲೆ ತಿಪ್ಪೆಗೊಬ್ಬರ ಒಟ್ಟಿಸಿದ. ಗಿಡದ ಮಾನ ಮುಚ್ಚಿಸಿದ ಲೋಕದ ಮೊದಲ ಮನುಷ್ಯ ನನ್ನ ಸೋದರಮಾವನೇ ಇರಬೇಕು.

ನೀರು ಹಾಕುವ ಕೆಲಸ ನನ್ನದು. ಬೇಸಿಗೆ ಬರುವಷ್ಟರಲ್ಲಿ ಮೇಲಿನ ಕಡ್ಡಿಗಳೆಲ್ಲ ಸುಟ್ಟ ಬತ್ತಿಯಂತೆ ಕಪ್ಪಾದವು. ನಮ್ಮ ಕಡೆಯ ಬಿಸಿಲಿಗೆ ಮನುಷ್ಯರೇ ಒಣಗುತ್ತಾರೆ. ವಿಲಾಯಿತಿ ಗಿಡ ಬೇಸಿಗೆಯಲ್ಲಿ ಚರ್ಮ ಬಿಡುತ್ತದೆ ಎಂದು ಮಾವ ಸಮಾಧಾನ ಹೇಳಿಕೊಂಡು ಒಣಕಡ್ಡಿ ಸವರಿಸಿದ. ಮಳೆ ಬಿದ್ದ ಮೇಲೆ ಅಂಬ್ರಿಯ ಕುಣಿಯಲ್ಲೊಂದು ಹಸಿರು ಚಿಗುರು ಗೊಬ್ಬರ ಸೀಳಿಕೊಂಡು ಎದ್ದಿತು. ನಾನು ಕೈಯಿಂದ ಗೊಬ್ಬರ ಸರಿಸಿ ನೋಡಿದೆ. ಕಸಿ ಕಟ್ಟಿದ ಮೋಟು ಕೊಳೆತು ನಿಂತಿತ್ತು, ಚಿಗುರು ಅದರ ಕೆಳಗಿನ ಬೇರಿನಿಂದ ಬಂದಿತ್ತು. ಹೋಗಿ ಹೇಳಿದೆ.

“ಸೇಬಿನ ಹಕೀಕತ್ತು ನೀ ನನಗ ಹೇಳ್ತಿ ಏನ್ ಬೇ? ಹೋಗು, ರೊಟ್ಟಿ ಬಡಿ,” ಎಂದ.

ಮುಂದಿನ ದಿನಗಳಲ್ಲಿ ಆ ಕಾಡುಗಿಡಕ್ಕೆ ನಡೆದ ಉಪಚಾರವನ್ನು ಹೆತ್ತ ತಾಯಿಗೂ ಅವನು ಮಾಡಿರಲಿಲ್ಲ. ಸುತ್ತ ಮುಳ್ಳುಕಂಟಿಯ ಬೇಲಿ, ಎಲೆಗೆ ದೃಷ್ಟಿಬೊಟ್ಟು. ಸುಗ್ಗಿಗೆ ಮೊದಲು ಹೆಳವ ಬಂದಾಗಂತೂ ಹುಚ್ಚು ತುದಿಗೆ ಮುಟ್ಟಿತು. ಹೆಳವರೆಂದರೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಮನೆಮನೆಗೆ ಬಂದು, ಆ ಮನೆಯ ಹಿರಿಯರ ಹೆಸರು ತಲೆಮಾರುಗಟ್ಟಲೆ ಹೊಗಳಿ ಜೋಳ ಒಯ್ಯುವವರು. ನಮ್ಮ ಮಾವ ಅವನಿಂದ ತನ್ನ ವಂಶವನ್ನೆಲ್ಲ ಹಾಡಿಸಿಕೊಂಡು, ಆಮೇಲೆ ಸೇಬಿನ ವಂಶವನ್ನೂ ಹಾಡು ಎಂದ!

ಹೆಳವ ಗಾಬರಿಯಾದರೂ ತೋರಗೊಡಲಿಲ್ಲ. “ತಂದಿ ಹೆಸರೇನ್ರಿ ಧಣಿ?”

“ತಂದಿ ಗೊತ್ತಿಲ್ಲ. ತಾನೇ ಹುಟ್ಟಿದ್ದು.”

“ಹಂಗಾದ್ರ ಶಿವನ ಬೆವರಿಲೆ ಹುಟ್ಟ್ಯದ ಅಂತ ಹಾಡ್ತೇನಿ ಬಿಡ್ರಿ,” ಎಂದು ಹೆಳವ ರಾಗ ಎಳೆದ. ಮಾವ ಕಣ್ಣು ಮುಚ್ಚಿ ತಲೆದೂಗಿದ. ಒಳಗಿನಿಂದ ನೋಡುತ್ತಿದ್ದ ನನಗೆ ನಗುವೂ ಬರಲಿಲ್ಲ, ಹೇಸಿಗೆಯಾಯಿತು.

ಹೇಸಿಗೆಗೆ ಕಾರಣವಿತ್ತು. ಆ ವರ್ಷ ದಾರಿಯಲ್ಲಿ, ಸಂತೆಯಲ್ಲಿ ಎಲ್ಲ ಕಡೆ ನಿಜಾಮರ ಕಡೆಯ ಆಯುಧದ ಗುಂಪುಗಳ ಹೆದರಿಕೆ. ಹರೆಯದ ಹುಡುಗಿಯರನ್ನು ಬೇಗ ಬೇಗ ಸಾಗಹಾಕುತ್ತಿದ್ದರು. ಮಾವ ನನಗೆ ಜೇವರ್ಗಿಯ ಒಂದು ಮನೆ ಗೊತ್ತು ಮಾಡುತ್ತಿದ್ದ. ಅವರ ವಂಶ ಕಡೆದ ಬೆಣ್ಣೆಯಷ್ಟು ಶುದ್ಧವಂತೆ. ವರನನ್ನು ನಾನು ನೋಡಿದ್ದೆ. ಹಿಂದೆ ನಮ್ಮಲ್ಲಿಗೆ ಬಂದಾಗ ಒಂದು ಮಾತೂ ಆಡದೆ ಹೋಳಿಗೆ ತಿಂದು, ಕೂತಲ್ಲಿಯೇ ಗೊರಕೆ ಹೊಡೆದವನು. ನನ್ನ ಮನಸ್ಸಿನಲ್ಲಿದ್ದವನು ಬೇರೆ. ಅಪ್ಪ ಇದ್ದಾಗ ಕಿಣ್ಣಿ ಸುಲ್ತಾನಕ್ಕೆ ಮಕ್ಕಳಿಗೆ ಕಲಿಸಲು ಬಂದು, ನಮ್ಮ ಎದುರುಮನೆಯಲ್ಲಿದ್ದ ಮಾಸ್ತರ. ಅಫಜಲಪುರ ತಾಲೂಕಿನ ಘತ್ತರಗಿಯವನು. ಅಪ್ಪನಿಗೂ ಅವನೆಂದರೆ ಪ್ರೀತಿ. ನನಗೆ ಅವನೇ ಬೇಕಿತ್ತು. ಅವ್ವನಿಗೆ ಹೇಳಿದೆ. ಅವಳು ಗುಟ್ಟಾಗಿ ಹೇಳಿಕಳಿಸಿದಳು. ಸಂಕ್ರಾಂತಿ ಕಳೆದ ಮೇಲೆ ಅವರು ಹೆಣ್ಣು ಕೇಳಲು ಬಂದರು: ಮಾಸ್ತರ, ಅವನ ತಂದೆ, ಅವನ ಆಯಿ. ಆಯಿ ಎಂದರೆ ತಂದೆಯ ತಾಯಿ.

ಮಾವ ಮೊದಲು ಅವರನ್ನು ಹಿತ್ತಲಿಗೆ ಕರೆದೊಯ್ದು ಗಿಡ ತೋರಿಸಿದ. ಒಣಗಿ ಹೋದ ಸೇಬುಗಳ ಕಥೆಯನ್ನೂ ಬಿಡಲಿಲ್ಲ.

“ಅಮೆರಿಕದ ಕೆಂಪು ಸೇಬು ಅದ ಅಲ್ರಿ, ಅದು ಒಬ್ಬ ರೈತನ ತ್ವಾಟದಾಗ ತಾನೇ ಹುಟ್ಟಿತ್ತು. ಸಾಲು ಬಿಟ್ಟು ಹುಟ್ಟ್ಯದಂತ ಅಂವ ಕಡಿದ. ಮತ್ತ ಚಿಗೀತು. ಮತ್ತ ಕಡಿದ. ಮತ್ತ ಚಿಗೀತು. ಕಡೀಗೆ ಬಿಟ್ಟ. ಈಗ ಅದರಷ್ಟು ಹೆಸರಾದ ಹಣ್ಣು ಯಾವುದದ? ಇಂಗ್ಲೆಂಡಿಂದು ನೋಡ್ರಿ, ತಾಯಿ ಗೊತ್ತದ, ತಂದಿ ಯಾರಂತ ಯಾರಿಗೂ ಗೊತ್ತಿಲ್ಲ. ರಾಜರು ತಿಂತಾರ!”

“ತಂದಿ ಗೊತ್ತಿಲ್ಲದ್ದು ನಡೀತದೇನ್ರಿ?” ಎಂದು ಆಯಿ ಕೇಳಿದಳು.

“ಅದರಾಗೇನದ ಆಯಿ? ಹಣ್ಣು ನೋಡಬೇಕು, ಗುಣ ನೋಡಬೇಕು.”

ಇದನ್ನು ಹೇಳಿದ ಅದೇ ಬಾಯಿಯಿಂದ, ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತು ಎಲೆ ಅಡಿಕೆ ಮುಟ್ಟುವ ಮೊದಲೇ ಕೇಳಿದ: “ನಿಮ್ಮದು ಉಡಿಕಿ ಸಾಲು ಅಂತ ಹೆಳವ ಹೇಳ್ಯಾನ. ಹೌದೋ ಅಲ್ಲೋ?”

ಗಂಡ ಸತ್ತ ಹೆಣ್ಣು ಮತ್ತೊಬ್ಬನ ಕೈಹಿಡಿಯುವುದನ್ನು ನಮ್ಮ ಕಡೆ ಉಡಿಕಿ ಎನ್ನುತ್ತಾರೆ. ರೂಢಿಯಲ್ಲಿ ಇದ್ದದ್ದೇ, ಕದ್ದು ಮಾಡುವುದಲ್ಲ. ಆದರೂ ಆ ಹೊಟ್ಟೆಯಲ್ಲಿ ಹುಟ್ಟಿದವರನ್ನು ಒಂದು ಕೂದಲಷ್ಟು ಕೆಳಗೆ ಕೂರಿಸುವುದೂ ರೂಢಿ. ಮಾಸ್ತರನ ತಂದೆ ತಲೆ ತಗ್ಗಿಸಿದರು. ಆಯಿ ತಗ್ಗಿಸಲಿಲ್ಲ.

“ಹೌದ್ರಿ ಧಣಿ. ನಾನೇ ಉಡಿಕಿ ಆದಾಕಿ. ಮೊದಲಿನ ಗಂಡ ಪ್ಲೇಗಿನಾಗ ಹ್ವಾದ. ಎರಡನೇದಂವ ಮನ್ಯಾಗ ಅದಾನ. ಇಂವ ಅವನ ಮಗ, ಇಂವ ಮಮ್ಮಗ.”

“ಹಂಗಾದ್ರ ನಮ್ಮ ಹುಡುಗಿ ಕೊಡಾಕ ಬರಂಗಿಲ್ಲ. ಉಂಡು ಹೋಗ್ರಿ,” ಎಂದ ನನ್ನ ಮಾವ. ಉಂಡು ಹೋಗಬೇಕಂತೆ! ಅನ್ನದ ಗತಿಯಿಲ್ಲದೆ ಬಂದವರೇ ಅವರು?

ನಾನು ಹಸಿರು ಇಳಕಲ್ ಸೀರೆಯಲ್ಲಿ ಬಾಗಿಲ ಹಿಂದೆ ನಿಂತಿದ್ದೆ. ಮೈ ಉರಿಯಿತು. ಪಡಸಾಲೆಯ ನಡುವಿನಿಂದಲೇ ಹಾದು ಹಿತ್ತಲಿಗೆ ಹೋಗಿ, ಆ ಗಿಡದ ಬುಡದಲ್ಲಿ ಕೂತು ಎರಡೂ ಕೈಯಿಂದ ಗೊಬ್ಬರ ಕೆದರತೊಡಗಿದೆ. ಎಲ್ಲರೂ ಹಿಂದೆಯೇ ಬಂದರು.

“ಏ ಬೇ, ಹುಚ್ಚು ಹಿಡದದೇನು?” ಎಂದು ಮಾವ ಕೂಗಿದ.

“ನೋಡ್ರಿ ಮಾಮಾ. ಇದು ನಿಮ್ಮ ಕಾಶ್ಮೀರದ್ದು,” ಎಂದು ಕೊಳೆತ ಮೋಟು ಮುಟ್ಟಿದೆ. ಮುಟ್ಟಿದರೆ ಪುಡಿಯಾಯಿತು. “ಇದು ಕೆಳಗಿನ ಕಾಡುಗಿಡ. ಬ್ಯಾಸಗಿ ತಡಕೊಂಡು ಬದುಕಿದ್ದು ಇದು. ದೃಷ್ಟಿಬೊಟ್ಟು ಇಟ್ಟು ಪೂಜಾ ಮಾಡಾಕತ್ತಿದ್ದು ಇದಕ್ಕ. ಬೆರಕಿ ಅಂತ ಹುಗಿಸಿದ್ರಲ್ಲ, ಅದಕ್ಕ!”

ಮಾಸ್ತರ ಬಗ್ಗಿ ನೋಡಿದ. ಅವನ ತಂದೆಯೂ ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಮಾವನಿಗೆ ಒಂದಿಷ್ಟು ನಾಚಿಕೆಯಾದರೂ ಆಗುತ್ತಿತ್ತೇನೋ. ಅವನು ಆ ಮೋಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕೆಮ್ಮಿ, “ಗಿಡದ ಮಾತು ಬ್ಯಾರೆ, ಮನಷ್ಯಾರ ಮಾತು ಬ್ಯಾರೆ. ಜೇವರ್ಗಿಯವರಿಗೆ ಹೂಂ ಅಂತ ಹೇಳಿಕಳಸ್ತೇನಿ,” ಎಂದ. ಅಷ್ಟೇ ಅವನ ಯೋಗ್ಯತೆ. ಕಣ್ಣೆದುರು ತೋಡಿಟ್ಟರೂ ಕಾಣದವನಿಗೆ ಏನು ಹೇಳುವುದು?

ಆಗ ಅವ್ವ ಬಾಯಿಬಿಟ್ಟಳು. ಅಣ್ಣನ ಎದುರು ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. “ಅಣ್ಣಾ, ಇಷ್ಟು ದಿನ ಇಟಗೊಂಡಿರಿ, ನಿಮ್ಮ ಪುಣ್ಯ. ನಾ ಕಿಣ್ಣಿ ಸುಲ್ತಾನಕ್ಕ ಹೋಗ್ತೇನಿ. ಮಗಳ ಮದಿವಿ ನಾ ಮಾಡ್ತೇನಿ.” ಮಾವ ಅಡ್ಡ ಬರಲಿಲ್ಲ. “ನಾ ಮದಿವಿಗೆ ಬರಂಗಿಲ್ಲ, ಸೋದರಮಾವ ಇಲ್ದ ಹ್ಯಾಂಗ ಮಾಡ್ತೀರಿ ನೋಡ್ತೇನಿ,” ಎಂದಷ್ಟೇ ಹೇಳಿ ಒಳಗೆ ಹೋದ. ನಮಗೆ ಅದೇ ದೊಡ್ಡ ಶಿಕ್ಷೆ ಎಂದು ಅವನಿಗೆ ಅನಿಸಿತ್ತು.

ಮದುವೆ ಕೂಡಲೇ ಆಗಲಿಲ್ಲ. ಆ ಬೇಸಿಗೆ ಆಳಂದದ ಕಡೆಯ ಎಷ್ಟೋ ಜನ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ಮಾವನೂ ಹೋದ, ಅದನ್ನು ನಾನು ತಪ್ಪೆನ್ನಲಾರೆ. ಆದರೆ ಊರು ದಾಟುವಾಗಲೂ, ಚಕ್ಕಡಿಯಲ್ಲಿ ಯಾರ ಪಕ್ಕ ಯಾರು ಕೂರಬೇಕೆಂದು ಬೆಡಗು ನೋಡಿಯೇ ಕೂರಿಸಿದನಂತೆ. ಇದನ್ನು ಅವನ ಹೆಂಡತಿಯೇ ಆಮೇಲೆ ಹೇಳಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ನಿಜಾಮರ ರಾಜ್ಯ ಹೋಯಿತು, ಹೋದವರು ಮರಳಿದರು, ನಮ್ಮ ಮದುವೆ ಘತ್ತರಗಿಯಲ್ಲಿ ಗೊತ್ತಾಯಿತು. ಮಾವ ಬರಲಿಲ್ಲ. ಅವನಿಲ್ಲದೆಯೂ ಹಂದರ ನಿಂತಿತು, ಒಲೆ ಹೊತ್ತಿತು.

ಅರಿಶಿನ ಹಚ್ಚುವ ದಿನ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಮೊದಲು ಮನೆಯ ಹಿರಿಯ ಮುತ್ತೈದೆ ಹಚ್ಚಬೇಕು. ಆಯಿ ಕಾಣಲಿಲ್ಲ. ನೋಡಿದರೆ ಅಡುಗೆಮನೆಯ ಹೊಸ್ತಿಲ ಆಚೆ, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು.

“ಬರ್ರಿ ಆಯಿ,” ಎಂದೆ.

“ನಾ ಹಚ್ಚಬಾರದು ಯವ್ವಾ. ಉಡಿಕಿ ಆದಾಕಿ. ನನ್ನ ಮಗಳ ಮದಿವ್ಯಾಗೂ ಹಚ್ಚಿಲ್ಲ.”

ಅರಿಶಿನದ ಬಟ್ಟಲ ಸುತ್ತ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೂ ನನ್ನ ಮಾವಂದಿರು ಇದ್ದರು, ಸೀರೆ ಉಟ್ಟವರು. ನಾನು ಮಣೆಯಿಂದ ಎದ್ದು ಹೋಗಿ, ಅವಳ ಕೈಗಳನ್ನು ಸೆರಗಿನಿಂದ ಹೊರಗೆಳೆದು, ಕರೆತಂದು ಬಟ್ಟಲಿನಲ್ಲಿ ಅದ್ದಿದೆ. ಒಬ್ಬಿಬ್ಬರು ಎದ್ದು ಹೊರಗೆ ಹೋದರು. ಹೋಗಲಿ ಎಂದು ಅವ್ವ ಬಾಗಿಲು ಎಳೆದು ಮುಂದೆ ಮಾಡಿದಳು.

ಆಯಿ ನನ್ನ ಕೆನ್ನೆಗೆ ಹಚ್ಚಿದಳು. ಕತ್ತಿಗೆ ಹಚ್ಚಿದಳು, ಕಿವಿಗೆ, ಹಣೆಗೆ, ರೆಪ್ಪೆಯ ಮೇಲೂ ಹಚ್ಚಿದಳು. ಬಟ್ಟಲು ಖಾಲಿಯಾದರೂ ಕೈ ನಿಲ್ಲಲಿಲ್ಲ. ಅಷ್ಟು ವಯಸ್ಸಾದ ಹೆಂಗಸಿಗೆ, ಮದುಮಗಳಿಗೆ ಅರಿಶಿನ ಎಷ್ಟು ಹಚ್ಚಬೇಕೆಂಬುದು ಗೊತ್ತಿರಲಿಲ್ಲ.