ಗಡಿಯಾರದವನೂ ಮುರಿಯಬಾರದ ಮಾತ್ರೆಯೂ

ನನ್ನ ಗೆಳೆಯ ಹೋದ ತಿಂಗಳು ತೀರಿಕೊಂಡ. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಂಥ ಅಂಗಡಿಯಲ್ಲಿ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಕೈಗೆ ಸಿಕ್ಕಿದ್ದನ್ನು ಬಿಚ್ಚಿ ನೋಡದೆ ನಂಬುವ ಜಾಯಮಾನ ಅವನದಲ್ಲ. ಮದುವೆಗೆ ಬಂದ ಇಸ್ತ್ರಿಪೆಟ್ಟಿಗೆಯನ್ನು ಮೊದಲ ವಾರವೇ ಬಿಚ್ಚಿ ಹರಡಿದ್ದನಂತೆ; ಅವನ ಹೆಂಡತಿ, ನಮ್ಮ ಅತ್ತಿಗೆ, ಈಗಲೂ ಹೇಳುತ್ತಾರೆ.

ಎರಡು ವರ್ಷದ ಹಿಂದೆ, ಹೃದಯದ ತೊಂದರೆಗೆಂದು ಮೈಯ ನೀರು ಇಳಿಸುವ ಮಾತ್ರೆ ಶುರುವಾಯಿತು. ಅದರಿಂದ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾಗಿ ಬೆರಳುಗಳು ಸೆಟೆದುಕೊಳ್ಳತೊಡಗಿದವು. ಆಗ ನನ್ನ ತಾಯಿಯ ಗೋಡೆ ಗಡಿಯಾರ ಅವನ ಮೇಜಿನ ಮೇಲೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಚಿಮಟದಿಂದ ಸ್ಕ್ರೂ ಜಾರಿದಾಗಲೆಲ್ಲ ಇಬ್ಬರೂ ಮಂಡಿಯೂರಿ ಹುಡುಕುತ್ತಿದ್ದೆವು.

“ಕೈ ಹೋದರೆ ನಾನೂ ಹೋದ ಹಾಗೇ ಕಣೋ,” ಎಂದ ಒಂದು ದಿನ, ಮೇಜಿನ ಕೆಳಗಿನಿಂದ.

ವೈದ್ಯರು ಪೊಟ್ಯಾಸಿಯಂ ಮಾತ್ರೆ ಬರೆದರು. ಹೆಬ್ಬೆರಳ ಉಗುರಿನಷ್ಟು ದೊಡ್ಡದು, ಗಂಟಲಲ್ಲಿ ಇಳಿಯಲಿಲ್ಲ. ನಮ್ಮವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬ್ಲೇಡಿನಿಂದ ಅದನ್ನು ಎರಡು ಹೋಳು ಮಾಡಿದ. ಒಳಗೆ ಏನೂ ಕಾಣದೆ, ಹೋಳುಗಳನ್ನು ಹಿಡಿದು ಔಷಧಿ ಅಂಗಡಿಗೆ ಜಗಳಕ್ಕೆ ಹೊರಟ. ನಾನೂ ಹಿಂದೆ ಹೋದೆ.

“ಅಯ್ಯೋ ಅಂಕಲ್, ಇದನ್ನ ಮುರೀಬಾರ್ದು!” ಅಂಗಡಿಯ ಹುಡುಗಿ ಹೌಹಾರಿದಳು. “ಹೊಟ್ಟೆಯೊಳಗೆ ಔಷಧಿ ಮೆಲ್ಲಮೆಲ್ಲಗೆ ಬಿಡೋ ಹಾಗೆ ಮಾಡಿರ್ತಾರೆ. ಮುರಿದು ತಿಂದ್ರೆ ಎಲ್ಲಾ ಒಂದೇ ಸಲ ಇಳಿದು ಹೊಟ್ಟೆ ಸುಟ್ಟುಬಿಡುತ್ತೆ.”

“ಅಂದ್ರೆ ಒಳಗೆ ಸ್ಪ್ರಿಂಗ್ ಇದೆ ಅನ್ನಿ!”

“ಸ್ಪ್ರಿಂಗೂ ಇಲ್ಲ, ಗಂಟೆನೂ ಇಲ್ಲ. ನುಂಗೋಕೆ ಆಗದಿದ್ರೆ ಡಾಕ್ಟರನ್ನ ಕೇಳಿ. ನೀರಲ್ಲಿ ಕರಗಿಸೋ ಪುಡಿ ಇದೆ, ಸಿರಪ್ ಇದೆ.”

ಆದರೆ ಅವನಿಗೆ ಮಾತ್ರೆಯ ಮೇಲೆ ಮನಸ್ಸು ಕೂತುಬಿಟ್ಟಿತ್ತು. ಇಷ್ಟು ನಾಜೂಕಿನ ಕೆಲಸ ಬಿಟ್ಟು ಸಿರಪ್ ಕುಡಿಯುವುದೇ? ಮೂರು ದಿನ ನುಂಗಲು ಹೆಣಗಿ ಮೂರು ದಿನವೂ ಉಗುಳಿದ.

“ರೀ, ಗಂಟಲು ನಿಮ್ಮದು, ಮಾತ್ರೆ ಕುದುರೆದು,” ಎಂದು ಅತ್ತಿಗೆ ಅವನನ್ನು ವೈದ್ಯರ ಮುಂದೆ ಕೂರಿಸಿದರು. ಪುಡಿಯೋ ಸಿರಪ್ಪೋ ಎಂದು ವೈದ್ಯರು ಕೇಳಿದರು. ಪುಡಿ ನೀರಿಗೆ ಬಿದ್ದರೆ ಬುರುಬುರು ಎಂದು ನೊರೆಯುಕ್ಕಿ ಸಿಡಿಯುತ್ತದೆಂದು ತಿಳಿದು, ಕೆಲಸದ ಮೇಜಿನ ಹತ್ತಿರ ಅಂಥದ್ದು ಬೇಡವೆಂದ. ಸಿರಪ್ ಬಂತು. ಊಟವಾದ ಮೇಲೆ, ಒಂದು ಲೋಟ ನೀರಿಗೆ ಬೆರೆಸಿ, ನಿಧಾನವಾಗಿ ಗುಟುಕರಿಸಬೇಕು.

ಆ “ನಿಧಾನವಾಗಿ” ಎಂಬ ಮಾತೇ ಅವನಿಗೆ ಸಾಕಾಯಿತು. ಮರುದಿನ ಹೋದರೆ, ಎದುರಿಗೆ ಕೈಗಡಿಯಾರ ಇಟ್ಟುಕೊಂಡು ನಿಮಿಷಕ್ಕೊಂದು ಗುಟುಕು ಕುಡಿಯುತ್ತಿದ್ದ, ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು. ಗಿರಾಕಿಗಳಿಬ್ಬರು ಬಾಗಿಲಲ್ಲಿ ಕಾಯುತ್ತಿದ್ದರು.

“ಹೇಗಿದೆಯೋ?” ಎಂದೆ.

“ತುಕ್ಕು ಮೊಳೆ ನೆನೆಸಿದ ನೀರು. ಮಾತಾಡಿಸಬೇಡ. ಆ ಸ್ಪ್ರಿಂಗ್ ಈಗ ನಾನೇ.”

ಒಂದು ತಿಂಗಳಿಗೆ ರಕ್ತ ಸರಿಹೋಯಿತು, ಬೆರಳೂ ಸರಿಹೋದವು. ನನ್ನ ತಾಯಿಯ ಗಡಿಯಾರಕ್ಕೆ ಕೊನೆಯ ಸ್ಕ್ರೂ ನನ್ನ ಕಣ್ಣೆದುರಿಗೇ ಕೂರಿಸಿದ. ಬೀಳಲಿಲ್ಲ. ಆ ಜಂಬಕ್ಕೆ ಬಿಚ್ಚಿ ಇನ್ನೊಮ್ಮೆ ಕೂರಿಸಿದ. ಹೃದಯ ನಿಲ್ಲುವ ಹಿಂದಿನ ದಿನದವರೆಗೂ ಕೆಲಸ ಮಾಡಿದ.

ಮೊನ್ನೆ ಅತ್ತಿಗೆಯೊಂದಿಗೆ ಅಂಗಡಿ ಖಾಲಿ ಮಾಡಲು ಹೋಗಿದ್ದೆ. ಬಿಡಿಭಾಗಗಳ ಡಬ್ಬಿಗಳಿಗೆಲ್ಲ ಅವನ ಕೈಬರಹದ ಚೀಟಿ. ಒಂದು ಪುಟ್ಟ ಡಬ್ಬಿಯಲ್ಲಿ ಆ ಮಾತ್ರೆಯ ಎರಡು ಹೋಳುಗಳಿದ್ದವು. ಚೀಟಿಯಲ್ಲಿ ಬರೆದಿದ್ದ: “ಜೋಡಿಸುವುದು ಬಾಕಿ.”

“ಎರಡು ವರ್ಷದಿಂದ ರಿಪೇರಿಗೆ ಕೂತಿದೆ ನೋಡಿ,” ಎಂದು ಅತ್ತಿಗೆ ನಕ್ಕರು. ಕಣ್ಣೊರೆಸಿಕೊಂಡು, ಡಬ್ಬಿಯನ್ನು ನನ್ನ ಜೇಬಿಗೆ ಹಾಕಿದರು.