ಬರೇ ಉಳುಕು ಅಂದೆ

ಸುನಂದಾ, ನಿನ್ನ ಕೈ ಕೆಡಿಸಿದವಳು ನಿಮ್ಮವ್ವ ಅಲ್ಲ. ನಾನು.

ಇದು ನಿನಗೆ ಗೊತ್ತಿರುವ ಮಾತೇ. ನಿನಗೆ ಗೊತ್ತು ಎನ್ನುವುದು ನನಗೂ ಗೊತ್ತು. ಆದರೂ ಇಷ್ಟು ವರ್ಷ ನಾವಿಬ್ಬರೂ ಎದುರುಬದುರು ಕೂತು ಚಹಾ ಕುಡಿದೆವು, ಸಂಕ್ರಾಂತಿಗೆ ಎಳ್ಳುಂಡೆ ಕೊಟ್ಟು ತೆಗೆದುಕೊಂಡೆವು, ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು — ಆ ಒಂದು ಮಾತು ಬಿಟ್ಟು ಊರಿನ ಮಾತೆಲ್ಲ ಆಡಿದೆವು. ನೀನು ಸುಮ್ಮನಿದ್ದದ್ದು ನಾನು ಸುಮ್ಮನಿರು ಅಂದದ್ದಕ್ಕೆ. ನಾನು ಸುಮ್ಮನಿದ್ದದ್ದು ಯಾತಕ್ಕೆ ಅಂತ ಹೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಹೆದರಿಕೆ ಅಂದರೆ ಅದು ಮೊದಲ ವಾರಕ್ಕೆ ಸರಿ. ಆಮೇಲಿನದಕ್ಕೆ ಏನನ್ನಲಿ?

ಮೊದಲಿನಿಂದ ಬರೆಯುತ್ತೇನೆ. ಎಲ್ಲಾದರೂ ನನಗೆ ಅನುಕೂಲವಾಗುವ ಹಾಗೆ ತಿರುಚಿದ್ದು ಕಂಡರೆ ಅಲ್ಲೇ ಗೀಟು ಹಾಕು.

ಎಂಬತ್ತರ ದಶಕದ ನಡುವಿನ ವರ್ಷಗಳು. ನಾಗಪುರದ ಪ್ರತಾಪ ನಗರದಲ್ಲಿ ನಮ್ಮ ಮನೆ, ಎದುರಿಗೆ ನಿಮ್ಮ ಮನೆ. ಧಾರವಾಡದ ಕಡೆಯವರು ಆ ಗಲ್ಲಿಯಲ್ಲಿ ನಾವೆರಡೇ ಮನೆ. ಹಾಗಾಗಿ ನಿಮ್ಮವ್ವ ಗಂಗಕ್ಕ ನನಗೆ ತವರಿನವರಿಗಿಂತ ಹೆಚ್ಚು. ನಮ್ಮ ಮನೆಯವರಿಗೆ ರೈಲ್ವೆಯಲ್ಲಿ ಕಾರಕೂನಿಕೆ. ಆ ದೀಪಾವಳಿ ರಜೆಗೆ ಜೈಸಲ್ಮೇರಿಗೆ ಹೋಗೋಣ ಅಂತ ನೌಕರರ ಮನೆಮಂದಿಗೆ ಸಿಗುವ ಪುಕ್ಕಟೆ ಪಾಸು ಬರೆಸಿದ್ದರು — ಅವರದು, ನನ್ನದು, ನಮ್ಮ ಮಗಳು ರೇಖಾಳದು. ಹೊರಡುವ ಹೊತ್ತಿಗೆ ರೇಖಾ ಅಜ್ಜಿಯ ಮನೆಯಿಂದ ಬರುವುದಿಲ್ಲ ಅಂತ ಹಟ ಹಿಡಿದಳು. ಪಾಸಿನಲ್ಲಿ ಅವಳ ಹೆಸರು ಖಾಲಿ ಹೋಗುತ್ತದಲ್ಲ ಅಂತ ನನ್ನ ಹೊಟ್ಟೆ ಉರಿಯಿತು. ನೀನೂ ಅವಳೂ ಒಂದೇ ವಯಸ್ಸು, ಒಂದೇ ಎತ್ತರ. ಸುನಂದಾಳನ್ನ ಕರಕೊಂಡು ಹೋಗೋಣ ಅಂದವಳು ನಾನು. ಪರರ ಮಕ್ಕಳನ್ನ ಪಾಸಿನಲ್ಲಿ ಒಯ್ದರೆ ನೌಕರಿಗೆ ಸಂಚಕಾರ ಅಂತ ಇವರು ಅಂದರು. ಯಾರು ನೋಡತಾರ್ರಿ ಅಂದೆ. ನಿಮ್ಮವ್ವನಿಗೆ ಪಾಸಿನ ವಿಷಯ ಹೇಳಲಿಲ್ಲ, ನಿನ್ನ ಟಿಕೆಟ್ ನಾವೇ ತೆಗೆಸಿದ್ದೇವೆ ಅಂದೆ. ಪಾಪ, ದಾರಿಗೆ ಅಂತ ಒಂದು ಡಬ್ಬಿ ಕರದಂಟು ಮಾಡಿಕೊಟ್ಟಳು.

ಸ್ಟೇಷನ್ನಿನಲ್ಲಿ ನಿನ್ನ ಜಡೆ ಸರಿಮಾಡುತ್ತ ಕಿವಿಯಲ್ಲಿ ಹೇಳಿದೆ: “ಯಾರಾರ ಕೇಳಿದ್ರ ನಿನ್ನ ಹೆಸರು ರೇಖಾ. ನೆನಪಿರಲಿ ಹಾಂ. ಇಲ್ಲಂದ್ರ ಕಾಕಾನ ನೌಕರಿ ಹೋಗ್ತದ.”

ನೀನು ಅದನ್ನು ಆಟ ಅಂದುಕೊಂಡೆ. ದಾರಿಯುದ್ದಕ್ಕೂ ನಾನು ರೇಖಾ, ನಾನು ರೇಖಾ ಅಂತ ನಗುತ್ತಿದ್ದೆ.

ಆ ಮರಳು — ಅದನ್ನು ನೋಡಿ ನೀನು ಮೊದಲು ಮಾಡಿದ್ದು ಏನು ಗೊತ್ತೇ? ಸಾವಧಾನ್ ನಿಂತದ್ದು. ಶಾಲೆಯ ಪರೇಡಿನಲ್ಲಿ ಮುಂದೆ ನಿಲ್ಲುವ ಹುಡುಗಿ ನೀನು. ಎಲ್ಲಿ ಬಯಲು ಕಂಡರೂ ಎರಡೂ ಕೈ ತೊಡೆಗೆ ಅಂಟಿಸಿ, ಗದ್ದ ಎತ್ತಿ ನಿಂತುಬಿಡುತ್ತಿದ್ದೆ. ನಿನ್ನ ಕೈಗಳು ಆವಾಗ ಎಷ್ಟು ನೆಟ್ಟಗಿದ್ದವು ಅಂತ ನೆನಪಿರುವವರು ಈಗ ನಾನೊಬ್ಬಳೇ ಇರಬೇಕು.

ಒಂಟೆ ಹತ್ತುವ ಉಮೇದು ನಿನ್ನದು, ಹೆದರಿಕೆ ನನ್ನದು. ಒಬ್ಬಳೇ ಹತ್ತುವ ಧೈರ್ಯವಿಲ್ಲದೆ ನಿನ್ನನ್ನು ಮುಂದೆ ಕೂರಿಸಿ ಹಿಂದೆ ಕೂತೆ. ಒಂಟೆ ಏಳುವುದು ಹಿಂಗಾಲಿನಿಂದ. ಅದು ನಮಗೇನು ಗೊತ್ತು? ಕುಂಡಿ ಎತ್ತಿದ್ದೇ ನಾವಿಬ್ಬರೂ ಮುಂದಕ್ಕೆ ಮುಗ್ಗರಿಸಿದೆವು, ಅಷ್ಟರಲ್ಲಿ ಮುಂಗಾಲು ಎತ್ತಿತು, ಹಿಂದಕ್ಕೆ ಒರಗಿದೆವು. ನೀನು ಕೇಕೆ ಹಾಕಿ ನಕ್ಕೆ. ನಾನು ಕಣ್ಣು ಮುಚ್ಚಿ ದೇವರ ಹೆಸರು ಹೇಳಿದೆ. ಕೆಳಗೆ ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೇಲಿನಿಂದ ಮರಳೆಲ್ಲ ಕಂಡಿತು, ಗಾಳಿ ಮುಖಕ್ಕೆ ಬಡಿಯಿತು, ನೀನು ತಿರುಗಿ “ಮೌಶಿ, ಕಣ್ಣ ತೆಗೀರಿ, ಇಷ್ಟ ಚಂದ ಐತಿ” ಅಂದೆ. ತೆಗೆದೆ. ಸುಳ್ಳು ಯಾಕೆ ಹೇಳಲಿ, ನನ್ನ ಜೀವನದಲ್ಲಿ ಅಷ್ಟು ಹಗುರಾಗಿ ನಾನು ಎಂದೂ ಕೂತಿರಲಿಲ್ಲ.

ಇಳಿಯುವಾಗ ಒಂಟೆಯವನು ಕೂಗಿ ಹೇಳಿದ — ಹಿಂದಕ್ಕೆ ವಾಲಿಕೊಳ್ಳಿ, ಹುಡುಗಿಯನ್ನ ಹಿಡಕೊಳ್ಳಿ. ಒಂಟೆ ಕೂರುವಾಗ ಮೊದಲು ಮುಂಗಾಲು ಮಡಚುತ್ತದೆ. ನೆಲವೇ ಎದ್ದು ಬಂದಂತಾಯಿತು. ನಾನು ನಿನ್ನ ಸೊಂಟ ಬಿಟ್ಟು ಎರಡೂ ಕೈಯಲ್ಲಿ ಜೀನು ಹಿಡಿದೆ. ನೀನು ಅದರ ಕತ್ತಿನ ಪಕ್ಕದಿಂದ ಜಾರಿ, ಬಲಗೈ ಊರಿ ಬಿದ್ದೆ.

ಅದನ್ನು ತಪ್ಪು ಅನ್ನಲಾರೆ. ಜೀವದ ಹೆದರಿಕೆಗೆ ಕೈ ತಾನಾಗಿ ಬಿಟ್ಟಿತು. ತಪ್ಪು ಆಮೇಲಿನದು.

ಮೊಣಕೈ ಕಣ್ಣೆದುರಿಗೇ ಊದಿತು. ನಿನ್ನ ತುಟಿ ಬಿಳಚಿಕೊಂಡವು. ಗಾಡಿ ಬದಲಿಸಲು ಜೋಧಪುರಕ್ಕೆ ಬಂದಾಗ ಇವರು, ರೈಲ್ವೆ ದವಾಖಾನೆಗೆ ಒಯ್ಯೋಣ, ಮುರಿದಂಗ ಕಾಣತದ ಅಂದರು. ಬ್ಯಾಡ ಅಂದವಳು ನಾನು. ಹೆಸರು ಕೇಳತಾರ, ಪಾಸು ಕೇಳತಾರ, ಯಾರ ಮಗಳು ಅಂತ ಬರಕೋತಾರ — ಏನ ಹೇಳತೀರಿ? ಊರ ಮುಟ್ಟಿದ ಮ್ಯಾಲೆ ತೋರಿಸಿದ್ರಾತು. ಇವರು ಇನ್ನೂ ಅನುಮಾನಿಸುತ್ತ ನಿಂತಿದ್ದರು. ನಿಮ್ಮ ನೌಕರಿ ಹೋದ್ರ ರೇಖಾನ ಗತಿ ಏನು ಅಂದೆ. ಸಾಮಾನು ಎತ್ತಿಕೊಂಡರು. ಬೇರೆ ಯಾವ ಡಾಕ್ಟರ ಹತ್ತಿರವಾದರೂ ಒಯ್ಯಬಹುದಿತ್ತು, ಅಲ್ಲಿ ಪಾಸು ಯಾರು ಕೇಳುತ್ತಿದ್ದರು? ಆ ಹೊತ್ತಿಗೆ ಅಷ್ಟೂ ಹೊಳೆಯಲಿಲ್ಲ. ಹೊಳೆಯಲಿಲ್ಲವೋ — ಗಾಡಿ ತಪ್ಪುತ್ತದೆ ಅನ್ನುವುದೇ ಹೆಚ್ಚಾಯಿತೋ.

ನನ್ನ ಹಳೇ ಸೀರೆ ಹರಿದು ನಿನ್ನ ಕೈ ಕುತ್ತಿಗೆಗೆ ಕಟ್ಟಿದೆ. ರೈಲಿನಲ್ಲಿ ಟಿ.ಸಿ. ಬಂದ. ಪಾಸು ನೋಡಿ, ನಿನ್ನ ಕೈ ನೋಡಿ, ಅಂತಃಕರಣದಿಂದ ಹೆಸರೇನು ಬೇಟಿ ಅಂದ. ನೀನು ನನ್ನ ಮುಖ ನೋಡಿ, “ರೇಖಾ” ಅಂದೆ. ಆಗ ಅದು ಆಟವಾಗಿರಲಿಲ್ಲ. ಅವನು ಹೋದ ಮೇಲೆ ನಾನು ಜಾಣಿ ನೀನು ಅಂತ ನಿನ್ನ ತಲೆ ನೇವರಿಸಿದೆ. ಆ ಕೈ ಅಲ್ಲೇ ಸೇದಿಹೋಗಿದ್ದರೆ ಚಲೋ ಇತ್ತು.

ನಾಗಪುರಕ್ಕೆ ಬಂದಾಗ ಗಂಗಕ್ಕ ಬಾಗಿಲಲ್ಲೇ ಇದ್ದಳು. ನಿನ್ನನ್ನು ನೋಡಿ ಓಡಿ ಬಂದಳು. “ಡಾಕ್ಟರಿಗೆ ತೋರಿಸಿದ್ರೇನ ಮಾಲತಿ?”

“ತೋರಿಸೀವ್ರಿ ಗಂಗಕ್ಕ. ಬರೇ ಉಳುಕಂತ.”

ಇಷ್ಟೇ ನಾನಾಡಿದ್ದು. ತೋರಿಸಿಲ್ಲ ಅಂದಿದ್ದರೆ ಯಾಕೆ ತೋರಿಸಲಿಲ್ಲ ಅಂತ ಬರುತ್ತಿತ್ತು, ಅದರ ಹಿಂದೆ ಪಾಸು ಬರುತ್ತಿತ್ತು. ನೀನು ನನ್ನನ್ನೇ ನೋಡುತ್ತಿದ್ದೆ. ನಾನು ನಿನಗೆ ಕಣ್ಣಲ್ಲೇ ಬೇಡ ಅಂದೆ.

ಉಳುಕು ಅಂದ ಮೇಲೆ ತಾಯಿಯಾದವಳು ಏನು ಮಾಡುತ್ತಾಳೆ? ಎಣ್ಣೆ ಕಾಸಿದಳು. ದಿನಾ ಸಂಜೆ ಬಟ್ಟಲು ಹಿಡಿದು ಕೂತು ನಿನ್ನ ಮೊಣಕೈ ತಿಕ್ಕಿದಳು, ಎಳೆದಳು, ಮಡಚಿದಳು. ನೀನು ಚೀರುತ್ತಿದ್ದೆ. ಒಂದು ಸಂಜೆ ನನ್ನನ್ನೇ ಕರೆದಳು, ಈಕೀನ ಒಂಚೂರು ಹಿಡಿ ಅಂತ. ನಾನು — ಬರೆಯಲೇಬೇಕು ಇದನ್ನ — ನಾನು ನಿನ್ನ ಭುಜ ಅಮುಕಿ ಹಿಡಿದೆ. ಯಾವ ಡಾಕ್ಟರೂ ನೋಡದ ಕೈ ಅದು ಅಂತ ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಹಿಡಿದವಳು, ಒಬ್ಬಳು ಚೀರುವವಳು.

ಕೈ ಮಡಚಲೂ ಬಾರದು, ಚಾಚಲೂ ಬಾರದು ಅಂತಾದ ಮೇಲೆ ಗಂಗಕ್ಕ ನಿನ್ನನ್ನು ದೊಡ್ಡ ದವಾಖಾನೆಗೆ ಒಯ್ದಳು, ನಾನೂ ಜೊತೆಗಿದ್ದೆ. ಎಲುಬು ಮುರಿದಿದೆ, ಅಡ್ಡಾದಿಡ್ಡಿ ಕೂಡಿದೆ, ಇದನ್ನು ತಿಕ್ಕಿದವರು ಯಾರು ಅಂತ ಡಾಕ್ಟರು ಬೈದರು. ಗಂಗಕ್ಕ ಅಲ್ಲೇ ಗೋಡೆಗೆ ಒರಗಿದಳು. ಜೈಸಲ್ಮೇರಿನ ಕಡೆಯ ಡಾಕ್ಟರು ಉಳುಕು ಅಂದಿದ್ದರಲ್ಲ, ಅಂದರೆ ಮುರಿದದ್ದು ತನ್ನ ಕೈಯಿಂದಲೇ ಅಂತ ಅವಳು ಲೆಕ್ಕ ಹಾಕಿಕೊಂಡಳು. ಆ ಲೆಕ್ಕ ನಾನು ಹಾಕಿಕೊಟ್ಟದ್ದು. ಒಂದು ಮಾತು ಸಾಕಿತ್ತು. ನಾನು ಅವಳಿಗೆ ನೀರು ತಂದುಕೊಟ್ಟೆ.

ಮುಂದಿನ ಆಗಸ್ಟಿಗೆ ನಿಮ್ಮ ಶಾಲೆಯ ಪರೇಡು ಗಲ್ಲಿಯ ಮುಂದೆ ಹಾಯ್ದು ಹೋಯಿತು. ನೀನು ನಮ್ಮ ಗೇಟಿನಲ್ಲಿ ನಿಂತು ನೋಡಿದೆ. ಸಾವಧಾನ್ ಅಂದಾಗ ನಿನಗೆ ಗೊತ್ತಿಲ್ಲದೆ ನೀನೂ ನೆಟ್ಟಗೆ ನಿಂತೆ. ಎಡಗೈ ತೊಡೆಗೆ ಹತ್ತಿತು. ಬಲಗೈ ಹತ್ತಲಿಲ್ಲ. ನಾನು ಒಳಗೆ ಹೋಗಿ ಅಡಿಗೆಮನೆ ಬಾಗಿಲು ಹಾಕಿಕೊಂಡು ಅತ್ತೆ. ಅತ್ತು ಮುಖ ತೊಳೆದುಕೊಂಡು ಪಲ್ಯ ಹೆಚ್ಚಿದೆ.

ಇವರು ನಿವೃತ್ತರಾದಾಗ ಹೇಳಬಹುದಿತ್ತು. ತೀರಿಕೊಂಡಾಗ ಹೇಳಬಹುದಿತ್ತು. ಕಳೆದುಕೊಳ್ಳಲಿಕ್ಕೆ ನೌಕರಿಯೇ ಇರಲಿಲ್ಲ. ಆದರೆ ಅಷ್ಟರಲ್ಲಿ ಗಂಗಕ್ಕ ನನ್ನನ್ನು ಮಾಲತಿಯಂಥಾಕಿ ಇಲ್ಲ ಅಂತ ಎಲ್ಲರ ಮುಂದೆ ಹೊಗಳುತ್ತಿದ್ದಳು — ಅದನ್ನ ಬಿಟ್ಟುಕೊಡುವುದು ನೌಕರಿ ಬಿಟ್ಟುಕೊಡುವುದಕ್ಕಿಂತ ಕಷ್ಟವಾಯಿತು.

ಹೋದ ವರ್ಷ, ಅವಳ ಕಡೆಯ ದಿನಗಳು. ನೀನು ಹಾಲು ಬಿಸಿ ಮಾಡಲು ಹೋಗಿದ್ದೆ. ನನ್ನ ಕೈ ಹಿಡಿದು ಅಂದಳು: “ನನ್ನ ಕೈಲೇ ನನ್ನ ಮಗಳ ಕೈ ಮುರದ್ನ್ಯಲ್ಲ ಮಾಲತಿ. ಅಕಿ ಒಂದ ದಿನಾ ಏನೂ ಅನಲಿಲ್ಲ.”

ನಾನು ಏನಂದೆ ನೀನು ಕೇಳಿಸಿಕೊಂಡೆ. ಬಾಗಿಲಲ್ಲಿ ಹಾಲಿನ ಲೋಟ ಎಡಗೈಯಲ್ಲಿ ಹಿಡಿದು ನಿಂತಿದ್ದೆ. “ಹೋಗಲಿ ಬಿಡ್ರಿ ಗಂಗಕ್ಕ, ನಿಮಗೇನ ಗೊತ್ತಿತ್ತು” ಅಂದೆ. ನನ್ನ ತಪ್ಪಿಗೆ ಅವಳನ್ನು ಕ್ಷಮಿಸಿದೆ ನಾನು. ಅವಳು ಅದಕ್ಕೆ ನನ್ನ ಕೈ ಕಣ್ಣಿಗೆ ಒತ್ತಿಕೊಂಡಳು. ನೀನು ಬಂದು ಅವಳಿಗೆ ಹಾಲು ಕುಡಿಸಿದೆ.

ಇಷ್ಟಾದರೂ ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಮೊನ್ನೆ ನೀನೂ ನಿನ್ನ ಮಗಳು ಈಶಾಳೂ ಬಂದಿದ್ದಿರಲ್ಲ, ನನ್ನ ಮೊಣಕಾಲು ನೋವೆಂದು ನೀನು ಎಣ್ಣೆ ಬಟ್ಟಲು ತಂದು ಕೂತೆ. ಈಶಾ ನಕ್ಕು ಮರಾಠಿಯಲ್ಲಿ ಅಂದಳು — ಬೇಡ ಆಯಿ, ಅಜ್ಜಿ ನಿನ್ನ ಕೈ ಹೀಗೇ ತಿಕ್ಕಿ ತಿಕ್ಕಿ ಕೆಡಿಸಿದ್ದಲ್ಲವಾ. ನೀನು ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಆ ಸೊಟ್ಟ ಕೈಯಲ್ಲೇ ನನ್ನ ಕಾಲು ನೀವುತ್ತ ಹೋದೆ. ಗಂಗಕ್ಕ ಹೋದರೂ ನನ್ನ ಸುಳ್ಳು ಹೋಗಿಲ್ಲ, ಅವಳ ಮೊಮ್ಮಗಳ ಬಾಯಲ್ಲಿ ಆಡುತ್ತಿದೆ. ನಾಳೆ ಈಶಾ ತನ್ನ ಮಕ್ಕಳಿಗೂ ಹೇಳುತ್ತಾಳೆ.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಗುಣ ನನಗೆ ಗೊತ್ತು. ಇಷ್ಟೆಲ್ಲ ಬರೆದ ಮೇಲೆ ಇನ್ನೊಂದು ಗಮನಕ್ಕೆ ಬಂತು: ಈಶಾಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳು ಓದಲಾರದ ಭಾಷೆಯಲ್ಲಿ ಒಪ್ಪಿಕೊಂಡು ಹಗುರಾಗಲು ಹೊರಟಿದ್ದೇನೆ ನಾನು, ಈ ವಯಸ್ಸಿನಲ್ಲೂ.

ಬರುವ ತಿಂಗಳು ಗಂಗಕ್ಕನ ವರ್ಷಾಂತಿಕ. ಎಲ್ಲರೂ ಊಟಕ್ಕೆ ಕೂಡುತ್ತಾರೆ. ಎಲೆ ಹಾಕುವ ಮೊದಲು, ಅವಳ ಫೋಟೋದ ಮುಂದೆ, ನನಗೆ ಬರುವ ಹರಕುಮುರುಕು ಮರಾಠಿಯಲ್ಲಿ ಈಶಾಳಿಗೆ ಹೇಳುತ್ತೇನೆ. ನಡುವೆ ನನ್ನ ಬಾಯಿ ಕಟ್ಟಿದರೆ, ಸುನಂದಾ, ನನ್ನ ಪರವಾಗಿ ನೀನು ಮುಗಿಸಬೇಡ. ಆ ಕೆಲಸ ನಿನ್ನಿಂದ ನಾನು ಬಹಳ ಮಾಡಿಸಿಕೊಂಡಿದ್ದೇನೆ.